ಹಂಚಿಕೆಗೆ ಟಿಕ್ ಹಾಕುವ ಮುನ್ನ

2008ರಲ್ಲಿ ನಮ್ಮ ಹಾಸ್ಟೆಲಿನಲ್ಲಿ ಡಿಸಿ ಪ್ಲಸ್ ಪ್ಲಸ್ ಇಲ್ಲದ ಕಂಪ್ಯೂಟರೇ ಇರಲಿಲ್ಲ. ಒಬ್ಬರ ಕಂಪ್ಯೂಟರಿನ ಫೈಲನ್ನು ಇನ್ನೊಬ್ಬರು ನೇರವಾಗಿ ಇಳಿಸಿಕೊಳ್ಳುವ ತಂತ್ರಾಂಶ ಅದು. ಎಲ್ಲರೂ ಕೂಡುವ ತಾಣವಾದ ಹಬ್‌ಗೆ ಸೇರಬೇಕಾದರೆ ಕನಿಷ್ಠ 10 ಜಿಬಿ ಹಂಚಬೇಕು ಅನ್ನುವುದು ಅಲ್ಲಿಯ ನಿಯಮ. ನನ್ನ ಹತ್ತಿರ ಅಷ್ಟು ಹಾಡು, ಸಿನಿಮಾ ಎಲ್ಲಿತ್ತು? ಇಡೀ ಡಿ ಡ್ರೈವ್‌ಗೇ ಟಿಕ್ ಹಾಕಿಬಿಟ್ಟೆ. ಮೂರನೇ ದಿನ ಪಕ್ಕದ ಬ್ಲಾಕಿನ ಗೆಳತಿ ಬಂದು, "ನಿಮ್ಮಪ್ಪನ ಪಹಣಿ, ಬ್ಯಾಂಕ್ ಸಾಲದ ಕಾಗದ ಎಲ್ಲ ನನಗೆ ಕಾಣ್ತಿದೆ ಕಣೇ" ಅಂದಳು. ಅವಳ ಪರದೆಯಲ್ಲಿ ನನ್ನ ಫೈಲ್ ಲಿಸ್ಟ್ ತೆರೆದುಕೊಂಡಿತ್ತು. 'ಅಪ್ಪ' ಎಂಬ ಫೋಲ್ಡರ್, ಅದರೊಳಗೆ 'ಸ್ಕ್ಯಾನ್', ಅದರೊಳಗೆ ಒಂದೊಂದೇ ಕಾಗದ. ಓಡಿಹೋಗಿ ನನ್ನ ಕಂಪ್ಯೂಟರಿನಲ್ಲಿ 'ಮುಗಿದ ಅಪ್‌ಲೋಡ್‌ಗಳು' ನೋಡಿದರೆ, ನನ್ನ ಪಿಯುಸಿ ಅಂಕಪಟ್ಟಿ ಆಗಲೇ ಎರಡು ಅಡ್ಡಹೆಸರುಗಳ ಪಾಲಾಗಿತ್ತು. ಅವರು ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಈಗ ಹಳ್ಳಿ ಶಾಲೆಗಳ ಹಳೆ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಡುತ್ತೇನೆ. ಐಎಸ್‌ಒ ಫೈಲುಗಳನ್ನು (ಇಡೀ ಸಿಸ್ಟಂ ಅಡಗಿರುವ ಒಂದೊಂದು ಫೈಲು) ಟೊರೆಂಟಿನಲ್ಲೇ, ಅಂದರೆ ಅದೇ ಫೈಲು ಇರುವ ಹಲವರ ಕಂಪ್ಯೂಟರಿನಿಂದ ತುಂಡುತುಂಡಾಗಿ, ಇಳಿಸುತ್ತೇನೆ. "ಟೊರೆಂಟ್ ಅಂದ್ರೆ ಕಳ್ಳತನ ಅಲ್ವಾ ಮೇಡಂ?" ಅಂತ ಮೇಷ್ಟ್ರುಗಳು ಕೇಳುತ್ತಾರೆ. ಖಂಡಿತ ಅಲ್ಲ. ಲಿನಕ್ಸ್‌ನ ಬಗೆಗಳಾದ ಡೆಬಿಯನ್, ಉಬುಂಟು ತಾವೇ ಟೊರೆಂಟ್ ಕೊಡುತ್ತವೆ. ಅಪಾಯ ಯಾವ ಜಾಲದಲ್ಲಿ ಎಲ್ಲಿರುತ್ತೆ ಅನ್ನುವುದು ಗೊತ್ತಿದ್ದರೆ ಸಾಕು. ಯಾವ ಜಾಲ ಎದುರಾದರೂ ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಹುಡುಕಾಟ ಎಲ್ಲಿ ನಡೆಯುತ್ತೆ? ನನ್ನ ಕಡೆಯಿಂದ ಏನೇನು ಆಚೆ ಹೋಗುತ್ತೆ?

1999ರ ನ್ಯಾಪ್‌ಸ್ಟರ್ ಎಂಬ ಹಾಡು ಹಂಚುವ ಜಾಲದಲ್ಲಿ ಹಾಡುಗಳು ಜನರ ಕಂಪ್ಯೂಟರಿನಲ್ಲಿದ್ದರೂ ಪಟ್ಟಿ ಮಾತ್ರ ಕಂಪನಿಯ ಸರ್ವರಿನಲ್ಲಿತ್ತು. ಹಾಗಾಗಿ 2001ರಲ್ಲಿ ಆ ಸರ್ವರ್ ನಿಂತಿದ್ದೇ ತಡ, ಜಾಲವೂ ನಿಂತಿತು. 2000ದಲ್ಲಿ ಬಂದ ನುಟೆಲ್ಲಾದಲ್ಲಿ ನಡುವೆ ಸರ್ವರೇ ಇಲ್ಲ. ನಿಮ್ಮ ಪ್ರಶ್ನೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಬ್ಬುತ್ತೆ, ಯಾರು ಬೇಕಾದರೂ ಉತ್ತರ ಕೊಡಬಹುದು. ಈ ಜಾಲಕ್ಕೆ ಸೇರಿಸುತ್ತಿದ್ದ ಲೈಮ್‌ವೈರ್ ತಂತ್ರಾಂಶ ಬಳಸಿದವರಿಗೆ ನೆನಪಿರುತ್ತೆ: ಏನೇ ಟೈಪ್ ಮಾಡಿದರೂ ಅದೇ ಹೆಸರಿನ ಒಂದು ಪುಟ್ಟ ಫೈಲು ಹಾಜರಾಗುತ್ತಿತ್ತು, ತೆರೆದರೆ ವೈರಸ್. ವಿಂಡೋಸ್ ತಾನಾಗಿ ಫೈಲಿನ ಹೆಸರಿನ ಬಾಲವನ್ನು (ಅದು ಹಾಡೋ, ಓಡುವ ಪ್ರೋಗ್ರಾಮೋ ಎಂದು ಹೇಳುವ ಕೊನೆಯ ಭಾಗ) ಮುಚ್ಚಿಡುವುದರಿಂದ 'ಹಾಡು.ಎಂಪಿ3.ಇಎಕ್ಸ್‌ಇ' ಬರೀ 'ಹಾಡು.ಎಂಪಿ3' ಆಗಿ ಕಾಣುತ್ತೆ. ಈಗಲೇ ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿಗೆ ಹೋಗಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಆನ್ ಮಾಡಿಕೊಳ್ಳಿ.

ಡಿಸಿ ಹಬ್, ಇವತ್ತಿಗೂ ಜೀವಂತವಾಗಿರುವ ಸೋಲ್‌ಸೀಕ್, ಇವೆರಡರದೂ ಒಂದೇ ಜಾತಿ. ಹಂಚಿದ ಫೋಲ್ಡರನ್ನು ಮರದ ಕೊಂಬೆಯಂತೆ ಬಿಡಿಸಿ ಯಾರು ಬೇಕಾದರೂ ನೋಡಬಹುದು. ನನಗಾದದ್ದು ನನ್ನೊಬ್ಬಳ ಕಥೆಯೂ ಅಲ್ಲ. 2010ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಸುಮಾರು 100 ಸಂಸ್ಥೆಗಳಿಗೆ ಪತ್ರ ಬರೆದು, ನಿಮ್ಮ ಗ್ರಾಹಕರ, ನೌಕರರ ಮಾಹಿತಿ ಇಂಥ ಜಾಲಗಳಲ್ಲಿ ಸಿಗುತ್ತಿದೆ ಎಂದು ಎಚ್ಚರಿಸಬೇಕಾಯಿತು. ಇವನ್ನು ಬಳಸುವುದಾದರೆ ಹಂಚಲೆಂದೇ ಒಂದು ಹೊಸ ಖಾಲಿ ಫೋಲ್ಡರ್ ಮಾಡಿ. ಕೊಡಬೇಕಾದ್ದನ್ನು ಅದರೊಳಗೆ ಕಾಪಿ ಮಾಡಿ. ಡ್ರೈವಿಗಾಗಲಿ, ಡಾಕ್ಯುಮೆಂಟ್ಸ್‌ಗಾಗಲಿ, ಡೌನ್‌ಲೋಡ್ಸ್‌ಗಾಗಲಿ ಟಿಕ್ ಬೇಡವೇ ಬೇಡ. ಆಮೇಲೆ ನಿಮ್ಮದೇ ಫೈಲ್ ಲಿಸ್ಟ್ ತೆರೆದು, ಅಪರಿಚಿತರ ಕಣ್ಣಿಂದ ಒಮ್ಮೆ ನೋಡಿ.

ಬ್ರಾಮ್ ಕೋಹೆನ್ 2001ರಲ್ಲಿ ಹೊರತಂದ ಬಿಟ್‌ಟೊರೆಂಟ್‌ನ ರೀತಿಯೇ ಬೇರೆ. ಇಲ್ಲಿ ನಿಮ್ಮ ಡಿಸ್ಕ್ ಯಾರಿಗೂ ಕಾಣುವುದಿಲ್ಲ, ಆ ಒಂದು ಟೊರೆಂಟಿನ ಫೈಲುಗಳಷ್ಟೇ ಹೊರಗೆ ಹೋಗುತ್ತವೆ. ಆದರೆ ನಿಮ್ಮ ಐಪಿ ವಿಳಾಸ (ಅಂತರ್ಜಾಲದಲ್ಲಿ ನಿಮ್ಮ ಸಂಪರ್ಕದ ಗುರುತುಸಂಖ್ಯೆ) ಆ ಟೊರೆಂಟಿನಲ್ಲಿರುವ ಎಲ್ಲರಿಗೂ ಕಾಣುತ್ತೆ. ಕ್ಯೂಬಿಟ್‌ಟೊರೆಂಟ್ ಎಂಬ ಟೊರೆಂಟ್ ತಂತ್ರಾಂಶದಲ್ಲಿ ಯಾವುದಾದರೂ ಡೌನ್‌ಲೋಡ್ ಮೇಲೆ ಕ್ಲಿಕ್ ಮಾಡಿ 'ಪೀರ್ಸ್' ಟ್ಯಾಬ್ ತೆರೆಯಿರಿ. ಅಲ್ಲಿ ಬೇರೆಯವರ ಐಪಿಗಳ ಸಾಲು ಹೇಗೆ ಕಾಣುತ್ತೋ, ಅವರ ಪರದೆಯಲ್ಲಿ ನಿಮ್ಮದೂ ಹಾಗೇ ಇರುತ್ತೆ. ಇಳಿಸಿಕೊಳ್ಳುತ್ತಿರುವಾಗಲೇ, ಬಂದಷ್ಟು ತುಂಡುಗಳನ್ನು ನಿಮ್ಮ ಕಂಪ್ಯೂಟರ್ ಇತರರಿಗೆ ಕೊಡುತ್ತಲೂ ಇರುತ್ತೆ. ಕಾನೂನಿನ ಕಣ್ಣಲ್ಲಿ ಇದೇ ದೊಡ್ಡ ವಿಷಯ, ನೀವು ಬರೀ ತೆಗೆದುಕೊಂಡವರಲ್ಲ, ಹಂಚಿದವರೂ ಹೌದು. ಜರ್ಮನಿಗೆ ಓದಲು ಹೋಗುವ ನಮ್ಮ ಹುಡುಗರಿಗೆ ಇದನ್ನು ಒತ್ತಿ ಹೇಳುತ್ತೇನೆ. ಅಲ್ಲಿ ಸಿನಿಮಾ ಟೊರೆಂಟ್ ಹಾಕಿದರೆ, ಹಕ್ಕುದಾರರ ವಕೀಲರಿಂದ ನೂರಾರು ಯೂರೋ ಕೇಳುವ ಪತ್ರ ಮನೆಗೇ ಬರುತ್ತೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನಲ್ಲೂ 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ವಿಪಿಎನ್ (ನಿಮ್ಮ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಹಾಯಿಸುವ ಸೇವೆ) ಹಾಕಿದರೆ ಐಪಿ ಮರೆಯಾಗುತ್ತೆ, ನಿಜ. ತಪ್ಪು ಸರಿಯಾಗುವುದಿಲ್ಲ, ವೈರಸ್ಸೂ ನಿಲ್ಲುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಟೊರೆಂಟ್ ಪ್ರತಿ ತುಂಡಿನ ಹ್ಯಾಶನ್ನೂ (ಫೈಲಿನಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಸಂಕೇತ) ಪರೀಕ್ಷಿಸುತ್ತೆ, ಹಾಗಾಗಿ ಫೈಲು ಸುರಕ್ಷಿತ ಅಂದುಕೊಳ್ಳುತ್ತಾರೆ. ಟೊರೆಂಟ್ ಮಾಡಿದವನು ಹಾಕಿದ್ದೇ ನಿಮಗೆ ಬಂದಿದೆ ಅಂತ ಅದು ಖಾತ್ರಿ ಮಾಡುತ್ತೆ, ಅಷ್ಟೇ. ಅವನು ವಿಷ ಹಾಕಿದ್ದರೆ ವಿಷವೇ ಅಚ್ಚುಕಟ್ಟಾಗಿ ಬರುತ್ತೆ. ಅದಕ್ಕೇ ಟೊರೆಂಟ್ ಫೈಲನ್ನು ಡೆಬಿಯನ್‌ನ ಸ್ವಂತ ತಾಣದಿಂದಲೇ ತೆಗೆದುಕೊಳ್ಳುತ್ತೇನೆ. ಐಎಸ್‌ಒ ಇಳಿದ ಮೇಲೆ ವಿಂಡೋಸ್‌ನ ಪವರ್‌ಶೆಲ್ ತೆರೆದು 'ಗೆಟ್-ಫೈಲ್‌ಹ್ಯಾಶ್' (Get-FileHash) ಆದೇಶ ಕೊಟ್ಟು, ಮುಂದೆ ಫೈಲಿನ ಹೆಸರು ಹಾಕುತ್ತೇನೆ. 64 ಅಕ್ಷರ, ಅಂಕಿಗಳ ಸಾಲೊಂದು ಬರುತ್ತೆ. ಅದನ್ನೂ ತಾಣದಲ್ಲಿ ಕೊಟ್ಟಿರುವ ಎಸ್‌ಎಚ್‌ಎ256 (ಹ್ಯಾಶ್‌ನ ಒಂದು ಬಗೆ) ಸಾಲನ್ನೂ ನೋಟ್‌ಪ್ಯಾಡಿನಲ್ಲಿ ಒಂದರ ಕೆಳಗೊಂದು ಅಂಟಿಸಿ ತಾಳೆ ನೋಡಿ. ವಿಂಡೋಸ್ ದೊಡ್ಡಕ್ಷರದಲ್ಲಿ ಕೊಡುತ್ತೆ, ಡೆಬಿಯನ್ ಸಣ್ಣಕ್ಷರದಲ್ಲಿ ಕೊಡುತ್ತೆ, ಅದಕ್ಕೆ ಗಾಬರಿ ಬೇಡ. ಒಂದು ಅಕ್ಷರವೇ ಬೇರೆಯಾಗಿದ್ದರೆ ಫೈಲನ್ನು ಅಳಿಸಿ.

ಇಳಿಸುವ ತಂತ್ರಾಂಶದ ಮೇಲೂ ಕಣ್ಣಿರಲಿ. 2016ರ ಮಾರ್ಚ್‌ನಲ್ಲಿ ಟ್ರಾನ್ಸ್‌ಮಿಷನ್ ಎಂಬ ಟೊರೆಂಟ್ ತಂತ್ರಾಂಶದ ಅಧಿಕೃತ ತಾಣಕ್ಕೇ ಯಾರೋ ನುಗ್ಗಿ, ಮ್ಯಾಕ್‌ನ 2.90 ಆವೃತ್ತಿಯಲ್ಲಿ ಕಿರೇಂಜರ್ ಎಂಬ ರ‍್ಯಾನ್ಸಮ್‌ವೇರ್ ಸೇರಿಸಿದ್ದರು. ಅದು ಮೂರು ದಿನ ಸುಮ್ಮನಿದ್ದು ಆಮೇಲೆ ಫೈಲುಗಳಿಗೆ ಬೀಗ ಹಾಕಿ, 1 ಬಿಟ್‌ಕಾಯಿನ್ ಕೇಳುತ್ತಿತ್ತು. ಬೇರೆ ಡಿಸ್ಕಿನಲ್ಲಿ ಬ್ಯಾಕಪ್ ಇದ್ದವರಿಗೆ ಮಾತ್ರ ನೆಮ್ಮದಿ.

ಶಾಲೆಯ ಕಂಪ್ಯೂಟರಿನಲ್ಲಿ ನಾನು ಕ್ಯೂಬಿಟ್‌ಟೊರೆಂಟ್ ಹಾಕಿ, ಸ್ಪೀಡ್ ಸೆಟ್ಟಿಂಗಿನಲ್ಲಿ ಅಪ್‌ಲೋಡಿಗೆ ಮಿತಿ ಇಡುತ್ತೇನೆ. ಇಲ್ಲದಿದ್ದರೆ ಪಕ್ಕದ ಕೋಣೆಯ ಆನ್‌ಲೈನ್ ತರಗತಿ ತಡವರಿಸುತ್ತೆ. ಸೀಡಿಂಗ್ (ಇಳಿಸಿ ಮುಗಿದ ಮೇಲೂ ಹಂಚುವುದು) ಮಿತಿಯಲ್ಲಿ ರೇಶಿಯೊ 1 ಅಂತ ಹಾಕುತ್ತೇನೆ. ತೆಗೆದುಕೊಂಡಷ್ಟು ವಾಪಸ್ ಕೊಟ್ಟ ಮೇಲೆ ನಿಲ್ಲಲಿ. ವೆಬ್ ಯುಐ (ಬ್ರೌಸರಿನ ಮೂಲಕ ದೂರದಿಂದ ನಿಯಂತ್ರಿಸುವ ಸೌಲಭ್ಯ) ಆಫ್ ಇರಲಿ.

ಮನೆಯವರ ಫೋಟೊ, ಕಾಗದಪತ್ರ ಹಂಚಿಕೊಳ್ಳಲು ಇವ್ಯಾವುವೂ ಬೇಡ. ಅದಕ್ಕೆ ಎರಡು ಕಂಪ್ಯೂಟರಿನ ಫೋಲ್ಡರುಗಳನ್ನು ಒಂದೇ ಥರ ಇಡುವ ಸಿಂಕ್‌ಥಿಂಗ್ ಎಂಬ ತಂತ್ರಾಂಶ ಇದೆ. ಅದರಲ್ಲಿ ಹುಡುಕಾಟವೇ ಇಲ್ಲ. ಎರಡೂ ಕಡೆಯವರು ಪರಸ್ಪರರ ಡಿವೈಸ್ ಐಡಿ ಒಪ್ಪಿಕೊಂಡರೆ ಮಾತ್ರ ಸಂಪರ್ಕ, ಅದೂ ಗೂಢಲಿಪಿಯಲ್ಲಿ. ಅಪ್ಪನ ಪಹಣಿ, ಸಾಲ ತೀರಿದ ಪತ್ರ ಈಗ ನನ್ನ ಲ್ಯಾಪ್‌ಟಾಪಿನಿಂದ ತಮ್ಮನದಕ್ಕೆ ಹೀಗೇ ಹೋಗುತ್ತವೆ. ಒಂದು ಎಚ್ಚರಿಕೆ: ನಾನು ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತೆ. ಹಾಗಾಗಿ ತಮ್ಮನ ಕಡೆಯ ಫೋಲ್ಡರಿನಲ್ಲಿ 'ಫೈಲ್ ವರ್ಷನಿಂಗ್' ತೆರೆದು 'ಟ್ರ್ಯಾಶ್ ಕ್ಯಾನ್' ಆರಿಸಿ 90 ದಿನ ಅಂತ ಇಟ್ಟಿದ್ದೇನೆ. ಹೋದ ತಿಂಗಳು 'ಸ್ಕ್ಯಾನ್' ಫೋಲ್ಡರನ್ನು ಕೈತಪ್ಪಿ ಅಳಿಸಿದಾಗ ಅಲ್ಲಿಂದಲೇ ವಾಪಸ್ ತಂದೆ.