ಬೆಕ್ಕಿನ ಉಸಿರು ಎಣಿಸಿ ನೋಡಿ

ನಮ್ಮ ಮನೆ ತೀರ್ಥಹಳ್ಳಿ ಕಡೆ, ಅಡಿಕೆ ತೋಟದ ಅಂಚಿನಲ್ಲಿ. ಬೆಕ್ಕುಗಳು ಯಾವಾಗಲೂ ಇರುತ್ತವೆ. ಜಡಿಮಳೆ ಹಿಡಿಯಿತು ಅಂದರೆ ಯಾವುದಾದರೂ ಒಂದು ಸೀನಲು ಶುರು ಮಾಡುತ್ತದೆ. "ಬೆಕ್ಕಿನ ನೆಗಡಿ ಅಲ್ವಾ, ತಾನಾಗೇ ಹೋಗುತ್ತೆ ಬಿಡಿ" ಅನ್ನುತ್ತಾರೆ. ಎಷ್ಟೋ ಸಲ ಹೋಗುತ್ತದೆ ಕೂಡ. ಆದರೆ ಯಾವುದು ಹೋಗುತ್ತದೆ, ಯಾವುದು ಜೀವಕ್ಕೆ ಕುತ್ತಾಗುತ್ತದೆ ಅಂತ ತಿಳಿಯಲು ನನಗೆ ಅತಿ ಹೆಚ್ಚು ನೆರವಾಗಿರುವುದು ಉಸಿರು ಎಣಿಸುವ ಅಭ್ಯಾಸ.

ಬೆಕ್ಕು ಮಲಗಿ ನಿದ್ದೆ ಮಾಡುವಾಗ ಎಣಿಸಬೇಕು. ಗುರ್‌ಗುಟ್ಟುತ್ತಿದ್ದರೆ, ಆಗಷ್ಟೇ ಓಡಿ ಬಂದಿದ್ದರೆ ಲೆಕ್ಕ ಸರಿಯಾಗಿ ಸಿಗುವುದಿಲ್ಲ. ಪಕ್ಕೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಆಯಿತು. ನಿಮಿಷಕ್ಕೆ 30ರ ಒಳಗಿದ್ದರೆ ಚಿಂತೆಯಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಿದರೂ ಜಾಸ್ತಿಯೇ ಇದ್ದರೆ ನಾನು ಡಾಕ್ಟರಿಗೆ ಫೋನ್ ಮಾಡುತ್ತೇನೆ. 40 ದಾಟಿದೆ, ಉಸಿರಿಗೊಮ್ಮೆ ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಿದೆ, ಬಾಯಿ ತೆರೆದುಕೊಂಡು ಉಸಿರಾಡುತ್ತಿದೆ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬಾರದು. ನಾಯಿ ತೇಕುವುದು ಮಾಮೂಲು. ಸುಮ್ಮನೆ ಕೂತ ಬೆಕ್ಕು ತೇಕುವುದು ಮಾಮೂಲಲ್ಲ. ಎದೆಗೂಡಲ್ಲಿ ನೀರೋ ಕೀವೋ ತುಂಬಿದ್ದರೂ ಹೀಗಾಗುತ್ತದೆ. ಆ ಹೊತ್ತಿನಲ್ಲಿ ಬಾಯಿಗೆ ಏನನ್ನೂ ಹಾಕಬೇಡಿ, ಎತ್ತಿ ಆಡಿಸಬೇಡಿ. ಗಾಳಿಯಾಡುವ ಬುಟ್ಟಿಯಲ್ಲಿಟ್ಟು ಹೊರಡಿ.

ಮಾಮೂಲು ನೆಗಡಿಗೆ ಹೆಚ್ಚಾಗಿ ಕಾರಣ ಎರಡು ವೈರಸ್: ಬೆಕ್ಕಿನ ಹರ್ಪಿಸ್ ಮತ್ತು ಕ್ಯಾಲಿಸಿ. ಹರ್ಪಿಸ್ ಆದರೆ ಸೀನು, ಸಿಂಬಳ, ಕಣ್ಣಲ್ಲಿ ಗೀಜು ಜಾಸ್ತಿ. ಕ್ಯಾಲಿಸಿಯಲ್ಲಿ ನಾಲಿಗೆ ಮೇಲೆ ಹುಣ್ಣಾಗಿ ಜೊಲ್ಲು ಸುರಿಯುವುದುಂಟು. ಹರ್ಪಿಸ್ ಒಮ್ಮೆ ಬಂದರೆ ಮೈಯಲ್ಲೇ ಉಳಿಯುತ್ತದೆ. ಮನೆಗೆ ಹೊಸ ಬೆಕ್ಕು ಬಂದಾಗ, ಮರಿ ಹಾಕಿದಾಗ, ಮದುವೆ ಮನೆಯ ಗಲಾಟೆಯಲ್ಲಿ ಮತ್ತೆ ತಲೆ ಎತ್ತುತ್ತದೆ. ನಮ್ಮ ಚಿನ್ನಿಗೆ ಹೀಗೆ ಎಷ್ಟೋ ಸಲ ಬಂದು ಹೋಗಿದೆ.

ನೆಗಡಿಯಲ್ಲಿ ನಾನು ಹೆದರುವುದು ತಟ್ಟೆ ಹಾಗೇ ಉಳಿದಾಗ. ಬೆಕ್ಕು ವಾಸನೆ ನೋಡಿ ಉಣ್ಣುವ ಪ್ರಾಣಿ. ಮೂಗು ಕಟ್ಟಿದರೆ ಎದುರಿಗಿರುವ ಮೀನೂ ಅದಕ್ಕೆ ಬೇಡ. ಎರಡು ಮೂರು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬು ಪಿತ್ತಜನಕಾಂಗಕ್ಕೆ ಸೇರಿ, ನೆಗಡಿಗಿಂತ ದೊಡ್ಡ ಕಾಯಿಲೆಯಾಗಬಹುದು. ಒಂದು ದಿನ ಪೂರ್ತಿ ಉಣ್ಣದಿದ್ದರೆ ನಾನು ಡಾಕ್ಟರಿಗೆ ತೋರಿಸುತ್ತೇನೆ. ಮರಿಯಾದರೆ ಅಷ್ಟೂ ಕಾಯುವುದಿಲ್ಲ.

ಮೊದಲು ಮೂಗು ಬಿಡಿಸಬೇಕು. ಹಂಡೆಯಿಂದ ಬಿಸಿನೀರು ಬಕೆಟ್ಟಿಗೆ ತೋಡಿ, ಬಾಗಿಲು ಹಾಕಿ, ಹಬೆ ತುಂಬಿದ ಬಚ್ಚಲಲ್ಲಿ ಬೆಕ್ಕಿನ ಜೊತೆ ಹತ್ತು ನಿಮಿಷ ಕೂರುತ್ತೇನೆ. ಒಲೆ ಹೊಗೆ ಬಚ್ಚಲಿಗೆ ಬರುವ ಹಾಗಿದ್ದರೆ ಇದನ್ನು ಬೇರೆ ಕೋಣೆಯಲ್ಲಿ ಮಾಡಿ. ಬೆಕ್ಕು ಬಿಸಿನೀರಿಗೆ ಬೀಳದ ಹಾಗೆ ಬಕೆಟ್ ದೂರವಿರಲಿ. ಆಮೇಲೆ ಕಾಯಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಮೂಗು, ಕಣ್ಣು ಒರೆಸುತ್ತೇನೆ. ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿ. ಇದಾದ ಕೂಡಲೇ ಊಟ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿ, ಮುಳ್ಳು ತೆಗೆದ ಭೂತಾಯಿ ಮೀನು, ಉಗುರು ಬೆಚ್ಚಗೆ. ಬಿಸಿಗೆ ವಾಸನೆ ಏಳುತ್ತದೆ. ಮೊದಲು ಬೆರಳಲ್ಲಿ ನೆಕ್ಕಿಸುತ್ತೇನೆ.

ಡಾಕ್ಟರು ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಮಾತ್ರೆ ಕೊಟ್ಟರೆ ಅದರ ಹಿಂದೆಯೇ ಸಿರಿಂಜಲ್ಲಿ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಸಬೇಕು. ಇಲ್ಲದಿದ್ದರೆ ಅನ್ನನಾಳದಲ್ಲಿ ಅಂಟಿಕೊಂಡು ಹುಣ್ಣಾಗಬಹುದು.

ಮನೆ ಔಷಧಿ ಬಗ್ಗೆ ಮಾತ್ರ ನಾನು ಕಟ್ಟುನಿಟ್ಟು. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಅದರ ಮೈಗೆ ಇಲ್ಲ. ವಿಕ್ಸ್, ಕರ್ಪೂರ, ನೀಲಗಿರಿ ಎಣ್ಣೆ ಹಚ್ಚುವುದೂ ಬೇಡ, ಹಬೆಯ ನೀರಿಗೆ ಹಾಕುವುದೂ ಬೇಡ. ನೆಕ್ಕಿಕೊಂಡರೆ ವಿಷ.

ನಮ್ಮ ಇನ್ನೊಂದು ಬೆಕ್ಕು ಕರಿಯನ ಕಥೆ ಬೇರೆ. ಅವನಿಗೆ ಸೀನಿಲ್ಲ, ಕೆಮ್ಮು. ನೆಲಕ್ಕೆ ಕುಕ್ಕರಿಸಿ, ಕತ್ತು ಮುಂದೆ ಚಾಚಿ ಕೆಮ್ಮುತ್ತಿದ್ದ. ಕೂದಲುಂಡೆ ಸಿಕ್ಕಿದೆ ಅಂತ ಎಲ್ಲರೂ ಹೇಳಿದರು. ಆದರೆ ಕೊನೆಗೂ ಏನೂ ಹೊರಗೆ ಬರುತ್ತಿರಲಿಲ್ಲ. ಕೆಮ್ಮುವಾಗ ಮೊಬೈಲಲ್ಲಿ ವಿಡಿಯೊ ಮಾಡಿಟ್ಟುಕೊಂಡೆ. ಡಾಕ್ಟರ ಮುಂದೆ ಬೆಕ್ಕು ಕೆಮ್ಮುವುದೇ ಇಲ್ಲ, ಹಾಗಾಗಿ ಇದು ಬಹಳ ಉಪಯೋಗ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಕ್ಸ್‌ರೇ ಮಾಡಿಸಿದೆವು. ಅಸ್ತಮಾ ಅಂದರು. ಮನುಷ್ಯರ ಇನ್ಹೇಲರನ್ನೇ ಮಗುವಿನ ಮಾಸ್ಕ್ ಇರುವ ಸ್ಪೇಸರಿಗೆ, ಅಂದರೆ ಔಷಧಿ ಹಿಡಿದಿಡುವ ಕೊಳವೆಗೆ, ಸಿಕ್ಕಿಸಿ ಕೊಡುವುದು. ಮಾಸ್ಕಿನ ಅಂಚಿಗೆ ಮೀನಿನ ಸಾರು ಸವರಿ, ಸುಮ್ನೆ ಮೂಸಲು ಬಿಟ್ಟು ನಿಧಾನಕ್ಕೆ ರೂಢಿ ಮಾಡಿಸಿದೆ.

ನಮ್ಮ ಮಲೆನಾಡಿನ ಮನೆಗಳಲ್ಲಿ ಅಸ್ತಮಾ ಕೆರಳಿಸಲು ಬೇಕಾದ್ದೆಲ್ಲ ಇದೆ. ಮಳೆಗಾಲದಲ್ಲಿ ಹಸಿ ಸೌದೆಯ ಹೊಗೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ, ಕೊಟ್ಟಿಗೆಗೆ ತಂದ ದರಗಿನ (ಒಣ ಎಲೆಯ) ಧೂಳು, ಗೋಡೆಯ ಬೂಸ್ಟು, ಸೊಳ್ಳೆ ಬತ್ತಿ. ಬೆಕ್ಕು ಹೋಗಿ ಮಲಗುವುದೂ ಆ ಒಲೆಯ ಪಕ್ಕದಲ್ಲೇ. ಕರಿಯನಿಗೆ ಜಗಲಿಯ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಗೆ ಹಳೆ ಕಂಬಳಿ ಹಾಸಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಟ್ಟೆ. ಬೆಚ್ಚಗಿದ್ದರೆ ಅವನಿಗೆ ಒಲೆಯೇ ಬೇಕು ಅಂತೇನಿಲ್ಲ. ಸೊಳ್ಳೆ ಬತ್ತಿ ನಿಲ್ಲಿಸಿ ಪರದೆ ಕಟ್ಟಿದೆವು. ಕೆಮ್ಮು ಪೂರ್ತಿ ಹೋಗಿಲ್ಲ, ಇನ್ಹೇಲರ್ ಬಿಟ್ಟಿಲ್ಲ. ರಾತ್ರಿ ಮಲಗಿದಾಗ ಎಣಿಸಿದರೆ ಈಗ 30ರ ಒಳಗೇ ಇರುತ್ತದೆ.

ಮರಿಗಳಿಗೆ ಆರರಿಂದ ಎಂಟು ವಾರಕ್ಕೆ ಲಸಿಕೆ ಶುರು ಮಾಡಿಸಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೂ ಹಾಕಿಸುತ್ತೇನೆ. ವೈರಸ್ ತಗಲುವುದೇ ಇಲ್ಲ ಅಂತಲ್ಲ, ತಗಲಿದರೂ ಜೋರಾಗುವುದಿಲ್ಲ. ಒಂದು ಸೀನಿದರೆ ಅದರ ತಟ್ಟೆ, ಹಾಸಿಗೆ ಬೇರೆ. ಗಟ್ಟಿಯಾಗಿರುವ ಬೆಕ್ಕುಗಳಿಗೆ ಮೊದಲು ಊಟ ಹಾಕಿ, ಕಾಯಿಲೆಯದನ್ನು ಕಡೆಗೆ ನೋಡಿ, ಕೈ ಸೋಪಿನಲ್ಲಿ ತೊಳೆದುಕೊಳ್ಳುತ್ತೇನೆ.