ಇನ್ಹೇಲರ್ ಔಷಧ ಗಂಟಲಲ್ಲೇ ಉಳಿಯದೆ ಶ್ವಾಸಕೋಶ ಸೇರಬೇಕಾದರೆ

ಉಬ್ಬಸದವರಿರುವ ಮನೆಗಳಲ್ಲಿ ಇನ್ಹೇಲರ್‌ಗೆ ‘ಪಂಪು’ ಎಂದೇ ರೂಢಿಯ ಹೆಸರು. ಆ ಹೆಸರಿನ ದೆಸೆಯಿಂದಲೋ ಏನೋ, ಬಾಯಿಗಿಟ್ಟು ಒತ್ತಿದರೆ ಕೆಲಸ ಮುಗಿಯಿತು ಎಂಬ ಭಾವನೆ ಬಲವಾಗಿದೆ. ಒತ್ತುವುದು ಅದರಲ್ಲಿ ಅತಿ ಸುಲಭದ ಭಾಗ. ಉಸಿರನ್ನು ಯಾವಾಗ, ಎಷ್ಟು ವೇಗದಲ್ಲಿ ಎಳೆದುಕೊಳ್ಳುತ್ತೇವೆ ಎಂಬುದೇ ನಿಜವಾದ ಕೆಲಸ. ಸರಿಯಾಗಿ ಎಳೆದುಕೊಂಡಾಗಲೂ ಒಂದು ಪಫ್‌ನ ಔಷಧದಲ್ಲಿ ಸಾಮಾನ್ಯವಾಗಿ ಶೇ 10ರಿಂದ 20ರಷ್ಟು ಮಾತ್ರ ಶ್ವಾಸಕೋಶ ತಲುಪುತ್ತದೆ, ಉಳಿದದ್ದು ಬಾಯಿಗೂ ಗಂಟಲಿಗೂ ಅಂಟಿ ಹೊಟ್ಟೆಗಿಳಿಯುತ್ತದೆ. ತಪ್ಪಾಗಿ ಎಳೆದರೆ ಆ ಸಣ್ಣ ಪಾಲೂ ಕೈತಪ್ಪುತ್ತದೆ. ನಾಲ್ಕು ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ‘ಚೆಸ್ಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯು ಇನ್ಹೇಲರನ್ನು ಸರಿಯಾಗಿ ಬಳಸುವವರು ಶೇ 31ರಷ್ಟು ಮಾತ್ರ ಎಂದೂ, ಇಷ್ಟು ವರ್ಷಗಳಲ್ಲಿ ಆ ಪ್ರಮಾಣ ಸುಧಾರಿಸಿಲ್ಲವೆಂದೂ ತೋರಿಸಿತು.

ಭಾರತದ ಮಟ್ಟಿಗೆ ಇದು ಸಣ್ಣ ಲೋಪವಲ್ಲ. ಜಾಗತಿಕ ರೋಗಹೊರೆ ಅಧ್ಯಯನದ 2019ರ ಅಂದಾಜಿನಂತೆ ದೇಶದಲ್ಲಿ ಸುಮಾರು 3.4 ಕೋಟಿ ಜನರಿಗೆ ಆಸ್ತಮಾ ಇದೆ. ಜಗತ್ತಿನ ರೋಗಿಗಳಲ್ಲಿ ನಮ್ಮ ಪಾಲು ಶೇ 13ರಷ್ಟಾದರೆ, ಆಸ್ತಮಾದಿಂದ ಸಾಯುವವರಲ್ಲಿ ಅದು ಶೇ 40ನ್ನು ಮೀರುತ್ತದೆ. ಬೆಂಗಳೂರಿನ ಮಕ್ಕಳ ವೈದ್ಯ ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ಎರಡು ದಶಕ ಗಮನಿಸಿ, 1979ರಲ್ಲಿ ಶೇ 9ರಷ್ಟಿದ್ದ ಆಸ್ತಮಾ 1999ರ ಹೊತ್ತಿಗೆ ಶೇ 29.5ಕ್ಕೆ ಏರಿತ್ತೆಂದು ದಾಖಲಿಸಿದ್ದರು. ಆಸ್ಪತ್ರೆಗೆ ಬಂದವರ ಲೆಕ್ಕವಾದ್ದರಿಂದ ಅದನ್ನು ಇಡೀ ಊರಿಗೆ ಅನ್ವಯಿಸಲಾಗದು; ಆದರೂ ವಾಹನದ ಹೊಗೆಯೂ ಕಾಂಗ್ರೆಸ್ ಹುಲ್ಲಿನ ಪರಾಗವೂ ಬೆರೆತ ಗಾಳಿಯಲ್ಲಿ ಬದುಕುವವರಿಗೆ ಆ ಏರಿಕೆ ಅಚ್ಚರಿ ತಾರದು.

ಕೈಯಲ್ಲಿರುವುದು ಯಾವ ಔಷಧ?

ಮೊದಲ ಕೆಲಸ ಡಬ್ಬಿಯ ಮೇಲಿನ ಔಷಧದ ಹೆಸರನ್ನು ಓದುವುದು. ಸಾಲ್ಬುಟಮಾಲ್ ಅಥವಾ ಲೆವೊಸಾಲ್ಬುಟಮಾಲ್ ಎಂದು ಮಾತ್ರ ಇದ್ದರೆ ಅದು ಆ ಗಳಿಗೆಯ ಉಪಶಮನಕ್ಕೆ. ನಮ್ಮಲ್ಲಿ ಬಹುಮಟ್ಟಿಗೆ ನೀಲಿ ಬಣ್ಣದ್ದು. ಬಿಗಿದುಕೊಂಡ ಶ್ವಾಸನಾಳದ ಸ್ನಾಯುವನ್ನು ಅದು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ, ಆದರೆ ನಾಳದ ಒಳಪದರದ ಊತಕ್ಕೆ ಏನೂ ಮಾಡುವುದಿಲ್ಲ. ಉಬ್ಬಸದ ಬೇರು ಇರುವುದು ಆ ಊತದಲ್ಲಿ. ಅದನ್ನು ಇಳಿಸುವುದು ಬುಡೆಸೊನೈಡ್, ಫ್ಲುಟಿಕಾಸೋನ್, ಬೆಕ್ಲೊಮೆಟಾಸೋನ್‌ಗಳಂಥ ಉಸಿರಿನ ಸ್ಟೆರಾಯ್ಡ್‌ಗಳು.

ಈ ವ್ಯತ್ಯಾಸ ಇಂದು ಎಂದಿಗಿಂತ ಮುಖ್ಯವಾಗಿದೆ. ಸೌಮ್ಯ ಆಸ್ತಮಾಕ್ಕೆ ನೀಲಿ ಪಂಪೊಂದೇ ಸಾಕೆಂದು ವೈದ್ಯರೇ ದಶಕಗಳ ಕಾಲ ಹೇಳುತ್ತಿದ್ದರು. 2018ರಲ್ಲಿ ಪ್ರಕಟವಾದ ‘ಸಿಗ್ಮಾ 1’ ಪ್ರಯೋಗದಲ್ಲಿ, ಉಬ್ಬಸ ಕಂಡಾಗ ಬರೀ ಉಪಶಮನದ ಔಷಧ ಎಳೆದವರಿಗಿಂತ ಬುಡೆಸೊನೈಡ್ ಮತ್ತು ಶ್ವಾಸನಾಳ ಸಡಿಲಿಸುವ ಫಾರ್ಮೊಟೆರಾಲ್ ಜೋಡಿ ಇರುವ ಇನ್ಹೇಲರ್ ಎಳೆದವರಲ್ಲಿ ತೀವ್ರ ಉಲ್ಬಣಗಳು ಶೇ 64ರಷ್ಟು ಕಡಿಮೆ ಇದ್ದವು. ಮರುವರ್ಷವೇ ಆಸ್ತಮಾದ ಅಂತರರಾಷ್ಟ್ರೀಯ ಮಾರ್ಗಸೂಚಿ ರೂಪಿಸುವ ‘ಜಿನಾ’ ಸಂಸ್ಥೆಯು ವಯಸ್ಕರಿಗೂ ಹದಿಹರೆಯದವರಿಗೂ ಸ್ಟೆರಾಯ್ಡ್ ಇಲ್ಲದೆ ನೀಲಿ ಪಂಪನ್ನು ಮಾತ್ರ ಕೊಡಬಾರದೆಂದು ನಿಲುವು ಬದಲಿಸಿತು. 2025ರಲ್ಲಿ ಪ್ರಕಟವಾದ ‘ಬತೂರಾ’ ಪ್ರಯೋಗವೂ ಸಾಲ್ಬುಟಮಾಲ್ ಜೊತೆಗೆ ಬುಡೆಸೊನೈಡ್ ಸೇರಿಸಿ ಕೊಟ್ಟಾಗ ಸೌಮ್ಯ ಆಸ್ತಮಾದವರಲ್ಲಿ ತೀವ್ರ ಉಲ್ಬಣದ ಅಪಾಯ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತೆಂದು ಕಂಡುಕೊಂಡಿತು. ವರ್ಷಕ್ಕೆ 200 ಪಫ್‌ಗಳ ಮೂರು ನೀಲಿ ಡಬ್ಬಿ ಖಾಲಿಯಾಗುತ್ತಿದ್ದರೆ ರೋಗ ಹತೋಟಿಯಲ್ಲಿಲ್ಲವೆಂದೇ ತಿಳಿದು ವೈದ್ಯರನ್ನು ಕಾಣಬೇಕು.

ಎಲ್ಲ ಜೋಡಿ ಔಷಧಗಳೂ ಬೇಕೆನಿಸಿದಾಗ ಎಳೆಯಲು ತಕ್ಕವಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಫಾರ್ಮೊಟೆರಾಲ್ ಬೇಗ ಕೆಲಸ ಮಾಡುತ್ತದೆ, ಅದೇ ಬಗೆಯ ಸಾಲ್ಮೆಟೆರಾಲ್ ನಿಧಾನ. ಆದ್ದರಿಂದ ಎರಡನೆಯದು ಉಪಶಮನಕ್ಕೆ ಬಾರದು. ಯಾವುದನ್ನು ಯಾವಾಗ, ದಿನಕ್ಕೆ ಗರಿಷ್ಠ ಎಷ್ಟು ಎಂಬುದನ್ನು ವೈದ್ಯರಿಂದ ಚೀಟಿಯ ಮೇಲೆ ಬರೆಸಿಕೊಳ್ಳಿ.

ಒತ್ತುವ ಇನ್ಹೇಲರ್

ಮುಚ್ಚಳ ತೆಗೆದು ಒಳಗೆ ಧೂಳು, ಚೂರುಪಾರು ಇಲ್ಲವೆಂದು ನೋಡಿ, ಡಬ್ಬಿಯನ್ನು ಚೆನ್ನಾಗಿ ಕುಲುಕಿ. ಹೊಸದಾಗಿದ್ದರೆ ಅಥವಾ ಹಲವು ದಿನ ಬಳಸದಿದ್ದರೆ ಕರಪತ್ರದಲ್ಲಿ ಹೇಳಿದಷ್ಟು ಸಲ ಗಾಳಿಗೆ ಒತ್ತಿ ಬಿಡಬೇಕು. ನೆಟ್ಟಗೆ ಕುಳಿತು, ಒಳಗಿನ ಉಸಿರನ್ನು ನಿಧಾನವಾಗಿ ಪೂರ್ತಿ ಹೊರಬಿಡಿ. ಹಲವರು ಬಿಟ್ಟುಬಿಡುವ ಹಂತ ಇದು. ಹಲ್ಲುಗಳ ನಡುವೆ ಇಟ್ಟು ತುಟಿಯನ್ನು ಬಿಗಿಯಾಗಿ ಮುಚ್ಚಿ, ಉಸಿರೆಳೆಯಲು ಆರಂಭಿಸಿದ ಕೂಡಲೇ ಒಮ್ಮೆ ಒತ್ತಿ, ಮೂರರಿಂದ ಐದು ಸೆಕೆಂಡುಗಳ ಕಾಲ ನಿಧಾನವಾಗಿ ಎಳೆಯುತ್ತಲೇ ಇರಿ. ರಭಸವಾಗಿ ಎಳೆದರೆ ಹನಿಗಳು ತಿರುವಿನಲ್ಲಿ ಗಂಟಲ ಗೋಡೆಗೆ ಬಡಿಯುತ್ತವೆ. ಬಳಿಕ ಉಸಿರನ್ನು ಹತ್ತು ಸೆಕೆಂಡು ಹಿಡಿದಿಟ್ಟರೆ ಔಷಧ ಸಣ್ಣ ನಾಳಗಳಲ್ಲಿ ನೆಲೆಯೂರುತ್ತದೆ. ಎರಡನೆಯ ಪಫ್ ಬೇಕಿದ್ದರೆ ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಕುಲುಕಿ, ಮೊದಲಿನಿಂದ ಮಾಡಿ. ಎರಡನ್ನು ಒಟ್ಟಿಗೆ ಒತ್ತಬೇಡಿ.

ಒತ್ತುವುದನ್ನೂ ಎಳೆಯುವುದನ್ನೂ ಹೊಂದಿಸುವುದು ಮಕ್ಕಳಿಗೂ ಹಿರಿಯರಿಗೂ ಕಷ್ಟ. ಅದಕ್ಕಿರುವುದು ಸ್ಪೇಸರ್ ಎಂಬ ಟೊಳ್ಳು ಕೊಳವೆ. ಒತ್ತಿದ ಔಷಧ ಅದರೊಳಗೆ ತೇಲುತ್ತಿದ್ದು, ಉಸಿರಿನೊಂದಿಗೆ ಸಾವಕಾಶವಾಗಿ ಒಳಹೋಗುತ್ತದೆ. ಪುಟ್ಟ ಮಕ್ಕಳಿಗೆ ಮಾಸ್ಕ್ ಜೋಡಿಸಿ, ಮುಖಕ್ಕೆ ಸಂದಿಲ್ಲದಂತೆ ಒತ್ತಿ ಹಿಡಿದು, ಪ್ರತಿ ಪಫ್‌ಗೆ ಐದಾರು ಸಹಜ ಉಸಿರು ತೆಗೆದುಕೊಳ್ಳಲು ಬಿಟ್ಟರೆ ಸಾಕು. ನನ್ನ ಅಭಿಪ್ರಾಯದಲ್ಲಿ ವಯಸ್ಕರೂ ಇದನ್ನು ಬಳಸಲು ಸಂಕೋಚಪಡಬೇಕಿಲ್ಲ. ಸ್ಪೇಸರ್ ಸಿಗದ ಕಡೆಗೆ ಕೇಪ್‌ಟೌನಿನ ಸಂಶೋಧಕರು ಒಂದು ಸೊಗಸಾದ ದಾರಿ ತೋರಿಸಿದ್ದಾರೆ: ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಇನ್ಹೇಲರ್‌ನ ಬಾಯಿಯ ಅಳತೆಗೆ ರಂಧ್ರ ಮಾಡಿ, ಸಂದನ್ನು ಅಂಟಿನಿಂದ ಮುಚ್ಚಿ ಮಕ್ಕಳಿಗೆ ಕೊಟ್ಟಾಗ, ಅದು ಅಂಗಡಿಯ ಸ್ಪೇಸರಿನಷ್ಟೇ ಚೆನ್ನಾಗಿ ಕೆಲಸ ಮಾಡಿತೆಂದು ಅವರು 1999ರಲ್ಲಿ ‘ಲ್ಯಾನ್ಸೆಟ್’ನಲ್ಲಿ ವರದಿ ಮಾಡಿದರು. ಫೋಮ್ ಲೋಟದಿಂದ ಆ ಫಲ ಸಿಗಲಿಲ್ಲ.

ಸ್ಪೇಸರನ್ನು ಸೋಪಿನ ನೀರಿನಲ್ಲಿ ತೊಳೆದು, ಒರೆಸದೆ, ಗಾಳಿಗೆ ಆರಲು ಬಿಡಬೇಕು. ಬಟ್ಟೆಯಿಂದ ಉಜ್ಜಿದರೆ ಒಳಗೋಡೆಯಲ್ಲಿ ಸ್ಥಿರವಿದ್ಯುತ್ ಹುಟ್ಟಿ ಔಷಧವನ್ನು ತನ್ನತ್ತ ಸೆಳೆದುಕೊಳ್ಳುತ್ತದೆ.

ಕ್ಯಾಪ್ಸೂಲಿನ ಇನ್ಹೇಲರ್

ನಮ್ಮಲ್ಲಿ ಅಗ್ಗವಾಗಿ ಸಿಗುವ ರೋಟಾಹೇಲರ್ ಮಾದರಿಯ ಸಾಧನದ ನಿಯಮ ಒತ್ತುವ ಇನ್ಹೇಲರ್‌ಗೆ ತದ್ವಿರುದ್ಧ. ಇಲ್ಲಿ ಕ್ಯಾಪ್ಸೂಲಿನೊಳಗಿನ ಪುಡಿಯನ್ನು ಮೇಲೆಬ್ಬಿಸುವ ಬಲ ನಿಮ್ಮ ಉಸಿರಿನದೇ ಆದ್ದರಿಂದ ಜೋರಾಗಿ, ಆಳವಾಗಿ ಎಳೆಯಬೇಕು. ಉಸಿರನ್ನು ಹೊರಬಿಡುವಾಗ ಸಾಧನವನ್ನು ಬಾಯಿಂದ ದೂರವಿಡಿ, ಬಾಯಿಯ ತೇವಕ್ಕೆ ಪುಡಿ ಗಂಟುಕಟ್ಟುತ್ತದೆ. ಎಳೆದ ಮೇಲೆ ತೆರೆದು ನೋಡಿ, ಪುಡಿ ಉಳಿದಿದ್ದರೆ ಮತ್ತೊಮ್ಮೆ ಎಳೆಯಿರಿ. ಮಲೆನಾಡಿನ ಮಳೆಗಾಲದಲ್ಲಿ ಕ್ಯಾಪ್ಸೂಲಿನ ಡಬ್ಬಿಯನ್ನು ಬಚ್ಚಲ ಬಳಿಯ ಗೂಡಿನಲ್ಲಿಡದೆ ಬಿಗಿಯಾಗಿ ಮುಚ್ಚಿ ಒಣಗಿದ ಜಾಗದಲ್ಲಿಡಿ. ಕ್ಯಾಪ್ಸೂಲನ್ನು ನುಂಗುವವರೂ ಇದ್ದಾರೆ ಎಂಬುದನ್ನು ತಮಾಷೆಯೆಂದು ತಳ್ಳಿಹಾಕಬೇಡಿ. ಬರೀ ಚೀಟಿ ಕೊಟ್ಟು ಕಳಿಸಿದರೆ ಆಗುವುದು ಅದೇ.

ಎಳೆದ ನಂತರ

ಸ್ಟೆರಾಯ್ಡ್ ಇರುವ ಯಾವುದೇ ಇನ್ಹೇಲರ್ ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲವಾದರೆ ದನಿ ಒಡೆಯಬಹುದು, ನಾಲಿಗೆಯಲ್ಲಿ ಬಿಳಿ ಶಿಲೀಂಧ್ರ ಬೆಳೆಯಬಹುದು. ಸ್ಟೆರಾಯ್ಡ್ ಎಂಬ ಶಬ್ದಕ್ಕೇ ಹೆದರಿ ಔಷಧ ಬಿಡುವವರು ಪ್ರಮಾಣವನ್ನು ಗಮನಿಸಲಿ: ಒಂದು ಪಫ್‌ನಲ್ಲಿ 200 ಮೈಕ್ರೊಗ್ರಾಂ ಇದ್ದರೆ, ಉಲ್ಬಣಿಸಿದಾಗ ನುಂಗುವ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಮಾತ್ರೆಯ ತೂಕ ಅದರ 200 ಪಟ್ಟು. ಪರಿಣಾಮವೇ ಇಲ್ಲವೆಂದಲ್ಲ. ಬಾಲ್ಯದಲ್ಲಿ ವರ್ಷಗಟ್ಟಲೆ ಬುಡೆಸೊನೈಡ್ ಎಳೆದವರು ದೊಡ್ಡವರಾದಾಗ ಸರಾಸರಿ 1.2 ಸೆಂಟಿಮೀಟರ್ ಕುಳ್ಳಗಿದ್ದುದು 2012ರ ಅಮೆರಿಕದ ಅಧ್ಯಯನದಲ್ಲಿ ಕಂಡಿದೆ. ಹತೋಟಿ ತಪ್ಪಿದ ಉಬ್ಬಸದ ಅಪಾಯಕ್ಕೆ ಹೋಲಿಸಿ ಪೋಷಕರು ಅದನ್ನು ತೂಗಬೇಕು.

ಡಬ್ಬಿ ಖಾಲಿಯಾಯಿತೇ ಎಂದು ನೀರಿನಲ್ಲಿ ತೇಲಿಸಿ ನೋಡುವ ಹಳೆಯ ಉಪಾಯ ನಂಬಲರ್ಹವಲ್ಲ. ಔಷಧ ಮುಗಿದರೂ ಅನಿಲ ಹೊರಬರುತ್ತಿರುತ್ತದೆ. ಎಣಿಕೆಯ ಸಂಖ್ಯೆ ಇಲ್ಲದ ಡಬ್ಬಿಯಾದರೆ ಲೆಕ್ಕ ಸುಲಭ: 120 ಪಫ್‌ಗಳ ಡಬ್ಬಿಯನ್ನು ದಿನಕ್ಕೆ ನಾಲ್ಕರಂತೆ ಬಳಸಿದರೆ 30 ದಿನ. ಮುಗಿಯುವ ತಾರೀಖನ್ನು ಆರಂಭದ ದಿನವೇ ಅದರ ಮೇಲೆ ಬರೆದಿಡಿ.

ಉಬ್ಬಸ ಏರಿದಾಗ

ಮಲಗಿಸದೆ ನೆಟ್ಟಗೆ ಕೂರಿಸಿ, ಉಪಶಮನದ ಔಷಧವನ್ನು ಸ್ಪೇಸರ್ ಮೂಲಕ ಒಂದೊಂದೇ ಪಫ್‌ನಂತೆ, ಪ್ರತಿ ಪಫ್‌ಗೆ ನಾಲ್ಕು ಉಸಿರು, ಒಟ್ಟು ನಾಲ್ಕು ಪಫ್ ಕೊಡಿ. ನಾಲ್ಕು ನಿಮಿಷ ಕಾದು ಸುಧಾರಿಸದಿದ್ದರೆ ಮತ್ತೆ ನಾಲ್ಕು ಕೊಡುತ್ತಲೇ 108ಕ್ಕೆ ಕರೆ ಮಾಡಿ. ಒಂದು ವಾಕ್ಯವನ್ನೂ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದ್ದರೆ, ಮಗುವಿನ ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಸೆಳೆದುಕೊಳ್ಳುತ್ತಿದ್ದರೆ ಕಾಯಬೇಡಿ. ಎದೆಯ ಸುಯ್ ಸದ್ದು ನಿಂತಿದೆ, ಆದರೆ ರೋಗಿ ಇನ್ನಷ್ಟು ಸುಸ್ತಾಗುತ್ತಿದ್ದಾನೆ ಎಂದರೆ ಅದು ಗುಣದ ಲಕ್ಷಣವಲ್ಲ. ನಾಳಗಳಲ್ಲಿ ಸದ್ದು ಮಾಡುವಷ್ಟು ಗಾಳಿಯೂ ಆಡುತ್ತಿಲ್ಲವೆಂದರ್ಥ.

ಮುಂದಿನ ಬಾರಿ ವೈದ್ಯರಲ್ಲಿಗೆ ಹೋಗುವಾಗ ಇನ್ಹೇಲರನ್ನೂ ಸ್ಪೇಸರನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಅವರ ಕಣ್ಣೆದುರಿಗೇ ಒಂದು ಪಫ್ ಎಳೆದು ತೋರಿಸಿ. ತೀವ್ರ ಆಸ್ತಮಾಕ್ಕೆ ಬೆನ್ರಲಿಜುಮ್ಯಾಬ್‌ನಂಥ ದುಬಾರಿ ಚುಚ್ಚುಮದ್ದುಗಳು ಬಂದಿವೆ. ಅಂಥವನ್ನು ಆರಂಭಿಸುವ ಮುನ್ನ, ಡೋಸ್ ಹೆಚ್ಚಿಸುವ ಮುನ್ನವೂ ಕೂಡ, ಮೊದಲು ನೋಡಬೇಕಾದದ್ದು ರೋಗಿ ಇನ್ಹೇಲರ್ ಎಳೆಯುವ ಬಗೆಯನ್ನೇ ಎಂದು ಮಾರ್ಗಸೂಚಿಗಳೂ ಹೇಳುತ್ತವೆ. ವೈದ್ಯರು ಕೇಳದಿದ್ದರೆ ನೀವೇ ಕೇಳಿ: ‘ನಾನು ಎಳೆಯುವುದು ಸರಿಯಾಗಿದೆಯೇ, ಸ್ವಲ್ಪ ನೋಡಿ.’