ಒಂದೇ ರೆಕಾರ್ಡಿಂಗ್, ನಾಲ್ಕು ಕಟ್: ಕೋಲಾರದ ಸಸಿ ನರ್ಸರಿಗೆ ಆಡಿಯೋ ಜಾಹೀರಾತು

ರೇಡಿಯೋಗೆಂದು ಮಾಡಿಸಿದ 30 ಸೆಕೆಂಡಿನ ಜಾಹೀರಾತನ್ನೇ ಸ್ಪಾಟಿಫೈನಂಥ ಹಾಡಿನ ಸ್ಟ್ರೀಮಿಂಗ್ ಆ್ಯಪ್‌ಗೂ ಕೊಟ್ಟು, ವಾಟ್ಸಾಪ್‌ನಲ್ಲೂ ಹಂಚಿ, ಪೆನ್‌ಡ್ರೈವ್‌ಗೆ ಹಾಕಿ ಆಟೋ ಮೈಕಿನಲ್ಲೂ ಕೂಗಿಸುವುದು ನಮ್ಮ ಕಡೆ ಈಗಲೂ ಇದೆ. ದುಡ್ಡು ನಾಲ್ಕೂ ಕಡೆ ಖರ್ಚಾಗುತ್ತದೆ, ಕೆಲಸ ಮಾಡುವುದು ಒಂದು ಕಡೆ. ಕೋಲಾರದ ಟೊಮೆಟೊ ಸಸಿ ನರ್ಸರಿಗೆ ನಾನು ಮಾಡುವ ಕ್ರಮ ಬೇರೆ: ದನಿ ಒಂದೇ ಸಲ ರೆಕಾರ್ಡ್ ಮಾಡುವುದು, ಕೇಳುವವರ ಕಿವಿ ಎಲ್ಲಿದೆ ಅಂತ ನೋಡಿ ಅದರಿಂದ ನಾಲ್ಕು ಕಟ್ (ಬೇರೆ ಬೇರೆ ರೂಪ) ತೆಗೆಯುವುದು.

ಮೊದಲು ಬರಹ. ಕನ್ನಡದ ಪದಗಳು ಉದ್ದ. 30 ಸೆಕೆಂಡಿಗೆ 50 ಪದ ದಾಟಿದರೆ ಓದುವವರು ಓಡಲೇಬೇಕಾಗುತ್ತದೆ. ಹತ್ತು ಅಂಕಿಯ ಫೋನ್ ನಂಬರನ್ನು ಎರಡು ಸಲ ಹೇಳಿದರೆ ಹತ್ತು ಸೆಕೆಂಡ್ ಹೋಯಿತು, ಅಂದರೆ ಜಾಹೀರಾತಿನ ಮೂರನೇ ಒಂದು ಭಾಗ. ಹಾಲು ಕರೆಯುತ್ತಾ ಕೇಳುವವರು ಅದನ್ನು ಬರೆದುಕೊಳ್ಳುವುದೂ ಇಲ್ಲ. ಅದರ ಬದಲು ಗುರುತಿನ ಜಾಗ ಹೇಳಿಸುತ್ತೇನೆ:

“ಏನಣ್ಣಾ, ಈ ಸಲ ಸಸಿ ಎಲ್ಲಿ ಬುಕ್ ಮಾಡಿದ್ರಿ?”
“ಎಪಿಎಂಸಿ ಗೇಟ್ ಎದುರೇ ಕಣಪ್ಪ. 25 ದಿನದ ಸಸಿ. ಟ್ರೇಯಿಂದ ಎತ್ತಿದ್ರೆ ಬೇರಿನ ಮಣ್ಣು ಉದುರಲ್ಲ, ಗಟ್ಟಿಯಾಗಿ ಬರ್ತದೆ.”

ಊರಿನ ಗುರುತು ಮೊದಲ ಐದು ಸೆಕೆಂಡಿನೊಳಗೆ ಬಂದುಬಿಡಬೇಕು. ಶ್ರೀನಿವಾಸಪುರ, ಮುಳಬಾಗಿಲು ಕಡೆ ಮನೆಮಾತು ತೆಲುಗು ಇರುವವರು ಬಹಳ; ಅವರಿಗೆ ಗ್ರಂಥದ ಕನ್ನಡಕ್ಕಿಂತ ಸಂತೆಯ ಕನ್ನಡ ಬೇಗ ತಲುಪುತ್ತದೆ. ಕಂಪ್ಯೂಟರ್ ದನಿಯನ್ನು ಸಮಯ ಅಳೆಯುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ. ಅದರ ಬಾಯಲ್ಲಿ ‘ಕಣಪ್ಪ’ ಅನ್ನುವ ಮಾತಿಗೆ ಸಲಿಗೆ ಬರುವುದಿಲ್ಲ.

ರೆಕಾರ್ಡಿಂಗ್‌ಗೆ ಸ್ಟುಡಿಯೋನೇ ಬೇಕಿಲ್ಲ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆಗೆದು ಅದರ ಮುಂದೆ ಕೂರಿಸಿ, ಬೆನ್ನ ಹಿಂದೆ ದಪ್ಪ ಕಂಬಳಿ ಕಟ್ಟಿದರೆ ಸಾಕು. ಫ್ಯಾನ್ ಆಫ್ ಮಾಡಿ. ಕರೆಂಟ್ ಹೋಗಿ ಯುಪಿಎಸ್ ಮೇಲೆ ನಡೆಯುತ್ತಿದ್ದರೆ ರೆಕಾರ್ಡ್ ಮಾಡಬೇಡಿ. ಅದರ ಗುಂಯ್ ಅನ್ನುವ ಸದ್ದು ಮಾತಿನೊಳಗೇ ಕೂತುಬಿಡುತ್ತದೆ. ಡೈನಮಿಕ್ ಮೈಕ್ ಬಾಯಿಗೆ ನಾಲ್ಕು ಬೆರಳು ದೂರದಲ್ಲಿ, ಸ್ವಲ್ಪ ಓರೆಯಾಗಿ ಇರಲಿ. ಎದುರಿಗೇ ಇಟ್ಟರೆ ‘ಭಾರಿ’, ‘ಫಸಲು’ ಅನ್ನುವಾಗ ಗಾಳಿ ಬಡಿಯುತ್ತದೆ. ಮಟ್ಟ −12ರಿಂದ −6 ಡೆಸಿಬೆಲ್ ನಡುವೆ ಆಡಲಿ. ಮಾತು ಮುಗಿದ ಮೇಲೆ ಹತ್ತು ಸೆಕೆಂಡ್ ಖಾಲಿ ಕೋಣೆಯ ಸದ್ದನ್ನೂ ಹಿಡಿದಿಡಿ. ಅಡಾಸಿಟಿಯಲ್ಲಿ (ದನಿ ತಿದ್ದುವ ಉಚಿತ ತಂತ್ರಾಂಶ) ಗದ್ದಲ ತೆಗೆಯಲು ಅದೇ ಮಾದರಿ. 6ರಿಂದ 9 ಡೆಸಿಬೆಲ್‌ಗಿಂತ ಜಾಸ್ತಿ ತೆಗೆದರೆ ನೀರೊಳಗಿಂದ ಮಾತಾಡಿದ ಹಾಗೆ ಆಗುತ್ತದೆ. 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಕಂಪ್ರೆಷನ್ (ಜೋರು ದನಿ, ಮೆಲ್ಲನೆ ದನಿ ನಡುವಿನ ಅಂತರ ಕುಗ್ಗಿಸುವುದು) 3:1 ಸಾಕು.

ರೇಡಿಯೋ ಕಟ್ 30 ಸೆಕೆಂಡಿನದು. ಹೆಚ್ಚು ಕುಗ್ಗಿಸಿ ಜೋರು ಮಾಡಿ ಕೊಡಬೇಡಿ, ಕೇಂದ್ರದವರ ಯಂತ್ರ ಮತ್ತೊಂದು ಸಲ ಕುಗ್ಗಿಸುತ್ತದೆ. ಎಫ್‌ಎಂನಲ್ಲಿ ಪ್ರಸಾರಕ್ಕೆ ಮುಂಚೆ ಮೇಲಿನ ಸ್ವರಗಳನ್ನು ಎತ್ತುವುದರಿಂದ ಸ, ಶ, ಚ ಚುಚ್ಚುತ್ತವೆ. 5ರಿಂದ 8 ಕಿಲೋಹರ್ಟ್ಸ್ ನಡುವೆ ಸ್ವಲ್ಪ ತಗ್ಗಿಸಿ. ಕೊಡುವ ಮುಂಚೆ ಮೋನೋದಲ್ಲಿ (ಎಡ, ಬಲ ಎರಡನ್ನೂ ಒಂದೇ ದನಿಯಾಗಿ ಸೇರಿಸಿ) ಕೇಳಲೇಬೇಕು. ಅಗಲವಾಗಿ ಕೇಳಲಿ ಅಂತ ಸ್ಟೀರಿಯೋ ಎಫೆಕ್ಟ್ ಹಾಕಿದ ದನಿ ಒಂಟಿ ಸ್ಪೀಕರಿನ ರೇಡಿಯೋದಲ್ಲಿ ಅರ್ಧ ಮಾಯವಾಗುತ್ತದೆ.

ಸಮಯ ಬೆಳಗಿನ ಡೇರಿ ಹೊತ್ತು. ಹಟ್ಟಿಯಲ್ಲಿ ನೇತುಹಾಕಿದ ರೇಡಿಯೋ ಆಗ ನಡೆಯುತ್ತಿರುತ್ತದೆ, ಕೈಗೆ ಬಿಡುವಿಲ್ಲದ್ದರಿಂದ ಯಾರೂ ಚಾನೆಲ್ ಬದಲಿಸುವುದಿಲ್ಲ. ಬಂಗಾರಪೇಟೆ ತಾಲೂಕಿನ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ಯವರು ಪರವಾನಗಿ ಸಿಗದ ಕಾಲದಲ್ಲಿ ಕೇಬಲ್ ಎಳೆದು ಮನೆಮನೆಗೆ ದನಿ ಮುಟ್ಟಿಸಿದ್ದರು. ಅಂಥ ಸಮುದಾಯ ಬಾನುಲಿಗಳಿಗೆ (ಊರಿನವರಿಗಾಗಿ ಊರಿನವರೇ ನಡೆಸುವ ರೇಡಿಯೋ) ಜಾಹೀರಾತಿನ ಮಿತಿ 2024ರಲ್ಲಿ ಗಂಟೆಗೆ 7 ನಿಮಿಷದಿಂದ 12 ನಿಮಿಷಕ್ಕೆ ಏರಿದೆ. ಸಣ್ಣ ವ್ಯಾಪಾರಿಗೆ ನಾನು ಮೊದಲು ಹೇಳುವ ಜಾಗ ಅದೇ.

ಆಟೋ ಮೈಕಿನ ಲೆಕ್ಕವೇ ಬೇರೆ. ಗಾಡಿ ಗಂಟೆಗೆ 15 ಕಿ.ಮೀ. ಹೋದರೆ ಸೆಕೆಂಡಿಗೆ 4 ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಮನೆ ಬಾಗಿಲಲ್ಲಿ ನಿಂತವರಿಗೆ ಮಾತು ಸ್ಪಷ್ಟವಾಗಿ ಕೇಳುವುದು ಹೆಚ್ಚೆಂದರೆ 100 ಮೀಟರ್, ಅಂದರೆ 24 ಸೆಕೆಂಡ್. ಹಾಗಾಗಿ 30 ಸೆಕೆಂಡಿನದು ಪೂರ್ತಿಯಾಗಿ ಯಾರಿಗೂ ಕೇಳುವುದೇ ಇಲ್ಲ. ಹತ್ತು ಸೆಕೆಂಡಿನ ಮಾತು, ಎರಡು ಸೆಕೆಂಡ್ ಮೌನ, ಮತ್ತೆ ಅದೇ ಮಾತು: ಹೀಗಿದ್ದರೆ ಗಾಡಿ ದಾಟುವಷ್ಟರಲ್ಲಿ ಒಂದು ಸಲವಾದರೂ ಪೂರ್ತಿ ಬೀಳುತ್ತದೆ. ಹಾರ್ನ್ ಸ್ಪೀಕರ್‌ನಲ್ಲಿ 300 ಹರ್ಟ್ಸ್ ಕೆಳಗಿನ ಸ್ವರ ಬರುವುದಿಲ್ಲ, ಡೋಲಿನ ಗುಡುಗು ಹಾಕಿಸಿದರೆ ವ್ಯರ್ಥ. ತಮಟೆಯ ಒಂದು ಏಟು ಸೀಳಿಕೊಂಡು ಹೋಗುತ್ತದೆ. ತಮಟೆ ಈ ಸೀಮೆಯದೇ ಸದ್ದು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಅದಕ್ಕೇ. ಸ್ಥಳೀಯ ಕಲಾವಿದರಿಗೆ ದುಡ್ಡು ಕೊಟ್ಟು ಬಾರಿಸಿ, ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಸಿನಿಮಾ ಹಾಡಿನ ತುಣುಕು ಹಾಕಿದರೆ ಆನ್‌ಲೈನ್‌ನಲ್ಲಿ ಹಕ್ಕಿನ ತಕರಾರು ಬಂದು ಇಡೀ ಜಾಹೀರಾತು ನಿಲ್ಲಬಹುದು. ಮೈಕಿಗೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಕೂಡದು. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ 100 ಮೀಟರ್ ಒಳಗೆ ಆಫ್ ಮಾಡಲು ಡ್ರೈವರ್‌ಗೆ ಹೇಳಿರಬೇಕು.

ಸ್ಟ್ರೀಮಿಂಗ್ ಕಟ್ ಕಿವಿಯೊಳಗೇ ಹೋಗುವಂಥದ್ದು, ಕೂಗಬಾರದು. −16 ಲಫ್ಸ್ (ಕಿವಿಗೆ ತೋರುವ ಜೋರಿನ ಅಳತೆ), ಟ್ರೂ ಪೀಕ್ (ದನಿ ಮುಟ್ಟುವ ಅತಿ ಮೇಲಿನ ಮಟ್ಟ) −2 ಡೆಸಿಬೆಲ್ ಇಡುತ್ತೇನೆ. ಫೋನ್ ನಂಬರ್ ಹೇಳಿಸುವುದೇ ಇಲ್ಲ. ಜೊತೆಗೆ ಬರುವ ಚಿತ್ರ ಒತ್ತಿದರೆ ನರ್ಸರಿಯ ವಾಟ್ಸಾಪ್ ತೆರೆಯುವ ಹಾಗೆ ಲಿಂಕ್ ಇರುತ್ತದೆ. ಇಲ್ಲಿ ತಪ್ಪುವುದು ಸ್ಥಳದ ಆಯ್ಕೆಯಲ್ಲಿ. ಮೊಬೈಲ್ ಡೇಟಾದ ವಿಳಾಸ ಎಷ್ಟೋ ಸಲ ಬೆಂಗಳೂರು ಅಂತಲೇ ತೋರಿಸುತ್ತದೆ, ಕೋಲಾರ ಮಾತ್ರ ಆರಿಸಿದರೆ ಕೋಲಾರದವರೇ ಬಿಟ್ಟುಹೋಗುತ್ತಾರೆ. ಇಡೀ ಬೆಂಗಳೂರು ಆರಿಸಿದರೆ ದುಡ್ಡು ಪೋಲು. ಮಾರಿಕುಪ್ಪಂ, ಬಂಗಾರಪೇಟೆ, ಮಾಲೂರಿನಿಂದ ರೈಲಿನಲ್ಲಿ ಕೆಲಸಕ್ಕೆ ಹೋಗುವ ಹುಡುಗರು ಊರಲ್ಲಿರುವ ಅಪ್ಪನಿಗೆ ಹೇಳಿದರೂ ಸಾಕು ಅಂತ ರೈಲಿನ ಹೊತ್ತಿಗೆ ಮಾತ್ರ, ಕನ್ನಡ ಕೇಳುಗರಿಗೆ ಮಾತ್ರ ಬಿಡುತ್ತೇನೆ. ಒಬ್ಬರಿಗೆ ದಿನಕ್ಕೆ ಎರಡು ಸಲ. ‘95 ಶೇಕಡ ಜನ ಪೂರ್ತಿ ಕೇಳಿದ್ದಾರೆ’ ಎಂಬಂಥ ವರದಿ ಬಂದರೆ ಹಿಗ್ಗಬೇಕಿಲ್ಲ. ದಾಟಿಸಲಾಗದ ಜಾಹೀರಾತನ್ನು ಪೂರ್ತಿ ಕೇಳದೆ ಇನ್ನೇನು ಮಾಡುತ್ತಾರೆ?

ವಾಟ್ಸಾಪ್‌ಗೆ ಸಂಗೀತವೇ ಬೇಡ. ವಾಯ್ಸ್ ನೋಟ್ ದನಿಯನ್ನು ಬಹಳ ಕುಗ್ಗಿಸುತ್ತದೆ, ಹಿನ್ನೆಲೆ ಸಂಗೀತ ರಾಡಿಯಾಗುತ್ತದೆ. ಎರಡು ಪಟ್ಟು ವೇಗದಲ್ಲಿ ಕೇಳುವವರೂ ಇದ್ದಾರೆ, ಆದ್ದರಿಂದ ನಿಧಾನವಾಗಿ 15 ಸೆಕೆಂಡ್. ನರ್ಸರಿ ಮಾಲೀಕರೇ ಮಾತಾಡಲಿ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನ ಮಿತಿ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಬಿಲ್ ಕೊಡುವಾಗಲೇ ಸೇವ್ ಮಾಡಿಸಿ.

ಯಾವುದು ಕೆಲಸ ಮಾಡಿತು ಅಂತ ತಿಳಿಯಲು ‘ಎಲ್ಲಿ ಕೇಳಿದ್ರಿ’ ಅಂದರೆ ಸುಮ್ಮನೆ ‘ರೇಡಿಯೋ’ ಅಂದುಬಿಡುತ್ತಾರೆ. ಗೊಬ್ಬರ ಕೊಡುವ ದಿನಗಳ ಚೀಟಿ ಅಚ್ಚು ಹಾಕಿಸಿ, ರೇಡಿಯೋದಲ್ಲಿ ‘ಹಸಿರು ಚೀಟಿ ಕೇಳಿ’, ಮೈಕಿನಲ್ಲಿ ‘ಹಳದಿ ಚೀಟಿ’, ಸ್ಟ್ರೀಮಿಂಗ್‌ನಲ್ಲಿ ‘ಕೆಂಪು ಚೀಟಿ’, ವಾಟ್ಸಾಪ್‌ನಲ್ಲಿ ‘ಬಿಳಿ ಚೀಟಿ’ ಅನ್ನಿಸುತ್ತೇನೆ. ಸಂಜೆ ಉಳಿದ ಚೀಟಿ ಎಣಿಸಿದರೆ ಲೆಕ್ಕ ಸಿಗುತ್ತದೆ.

ಸಸಿಯ ದರ ವಾರ ವಾರಕ್ಕೆ ಬದಲಾಗುತ್ತದೆ. ಹಾಗಾಗಿ ಒಂದೇ ಕೂತಲ್ಲಿ ಐದಾರು ದರದ ಸಾಲು, ನಾಲ್ಕೂ ಬಣ್ಣದ ಚೀಟಿಯ ಸಾಲು ಹೇಳಿಸಿಟ್ಟುಕೊಳ್ಳಿ. ಮಾತು, ತಮಟೆ ಬೇರೆ ಬೇರೆ ಟ್ರ್ಯಾಕ್‌ನಲ್ಲೇ ಇರಲಿ, ಫೈಲ್ ಹೆಸರಿನಲ್ಲಿ ತಾರೀಖು ಇರಲಿ. ಹಳೇ ದರದ ಪೆನ್‌ಡ್ರೈವ್ ಆಟೋದಲ್ಲೇ ಉಳಿದು ಮರುದಿನ ಅದೇ ಕೂಗಿದರೆ ಅಂಗಡಿ ಮುಂದೆ ಜಗಳ. ಹೊಸದು ಕೊಡುವಾಗ ಹಳೆಯದನ್ನು ಕೈಯಲ್ಲಿ ಇಸ್ಕೊಂಡೇ ಕಳಿಸಿ.